ಸಿರಸ್ ಎಸ್‌ಆರ್22: ಚಾವಣಿಯಲ್ಲಿರುವ ಕೆಂಪು ಹಿಡಿಕೆಯ ವಿಮರ್ಶೆ

ಸಿರಸ್ ಕಂಪನಿಯ ಎಸ್‌ಆರ್22 ಒಂದೇ ಇಂಜಿನ್ನಿನ ಸಣ್ಣ ಖಾಸಗಿ ವಿಮಾನ. 310 ಅಶ್ವಶಕ್ತಿಯ ಕಾಂಟಿನೆಂಟಲ್ ಇಂಜಿನ್, ಲೋಹದ ಬದಲು ಗಾಜಿನ ನಾರಿನಿಂದ ಮಾಡಿದ ನುಣುಪಾದ ಮೈ, ಒಳಕ್ಕೆ ಮಡಚಿಕೊಳ್ಳದ ಗಾಲಿಗಳು, ಸುಮಾರು 180 ನಾಟ್ ವೇಗ, ಅಂದರೆ ಗಂಟೆಗೆ 330 ಕಿಲೋಮೀಟರಿಗೂ ತುಸು ಹೆಚ್ಚು. ತನ್ನ ವರ್ಗದಲ್ಲಿ 2003ರಿಂದೀಚೆಗೆ ಜಗತ್ತಿನಲ್ಲಿ ಅತಿ ಹೆಚ್ಚು ಮಾರಾಟವಾಗುತ್ತ ಬಂದಿರುವುದು ಇದೇ. ಅಮೆರಿಕದಲ್ಲಿ ನಾನು ಸದಸ್ಯನಾಗಿರುವ ಹಾರಾಟದ ಕ್ಲಬ್ಬಿನಲ್ಲಿ ಇದು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಸಿಗುತ್ತದೆ. ಹಾರಾಟ ನನ್ನ ವೃತ್ತಿಯಲ್ಲ, ರಜಾದಿನಗಳ ಹವ್ಯಾಸ. ಇಲ್ಲಿ ನೆಲೆಸಿರುವ ಕನ್ನಡಿಗ ಸ್ನೇಹಿತರಲ್ಲಿ ಪೈಲಟ್ ಪರವಾನಗಿ ಪಡೆಯಲು ಹೊರಟವರು ಯಾವ ವಿಮಾನ ಒಳ್ಳೆಯದೆಂದು ವಿಚಾರಿಸುವಾಗ ವೇಗವನ್ನಾಗಲಿ ಇಂಧನದ ಖರ್ಚನ್ನಾಗಲಿ ಮೊದಲು ಕೇಳುವುದಿಲ್ಲ. ‘ಪ್ಯಾರಾಶೂಟ್ ಇರುವ ವಿಮಾನ ಅದೇ ಅಲ್ಲವೇ?’ ಎಂದು ಕೇಳುತ್ತಾರೆ. ಆದ್ದರಿಂದ ಈ ವಿಮರ್ಶೆಯಲ್ಲಿ ಚರ್ಮದ ಆಸನಗಳ ಬಗ್ಗೆ, ಪರದೆಗಳ ಹೊಳಪಿನ ಬಗ್ಗೆ ಹೆಚ್ಚೇನೂ ಇಲ್ಲ. ಇದು ಆ ಪ್ಯಾರಾಶೂಟಿನ ಬಗ್ಗೆ ಮತ್ತು ಅದನ್ನು ಕೊಂಡವರು ಅದರೊಂದಿಗೆ ನಡೆದುಕೊಂಡ ರೀತಿಯ ಬಗ್ಗೆ.

ಇಲ್ಲಿ ಪ್ಯಾರಾಶೂಟ್ ಕಟ್ಟಿಕೊಂಡು ಯಾರೂ ಹೊರಗೆ ಹಾರುವುದಿಲ್ಲ. ಪ್ರಯಾಣಿಕರ ಸಮೇತ ಇಡೀ ವಿಮಾನವೇ ಅದಕ್ಕೆ ಜೋತುಬಿದ್ದು ಇಳಿಯುತ್ತದೆ. ಬೋರಿಸ್ ಪೋಪೋವ್ ಎಂಬಾತ 1975ರಲ್ಲಿ ಹ್ಯಾಂಗ್ ಗ್ಲೈಡರ್ ಕುಸಿದು ಸುಮಾರು 400 ಅಡಿ ಎತ್ತರದಿಂದ ಬಿದ್ದೂ ಬದುಕಿ ಉಳಿದರು. 1980ರಲ್ಲಿ ಅಮೆರಿಕದ ಮಿನೆಸೋಟ ರಾಜ್ಯದಲ್ಲಿ ಅವರು ಸ್ಥಾಪಿಸಿದ ಬಿಆರ್‌ಎಸ್ ಕಂಪನಿ ಮೊದಲು ಅಲ್ಟ್ರಾಲೈಟ್‌ಗಳಂಥ ಹಗುರ ವಿಮಾನಗಳಿಗೆ ಇಂಥ ಪ್ಯಾರಾಶೂಟುಗಳನ್ನು ಮಾಡಿತು. ಸಿರಸ್ ಕಂಪನಿಯನ್ನು ಕಟ್ಟಿದ ಅಲನ್ ಮತ್ತು ಡೇಲ್ ಕ್ಲಾಪ್‌ಮೈಯರ್ ಸೋದರರಲ್ಲಿ ಅಲನ್ 1985ರಲ್ಲಿ ತರಬೇತಿ ಹಾರಾಟದಲ್ಲಿದ್ದಾಗ ಇನ್ನೊಂದು ವಿಮಾನಕ್ಕೆ ಆಕಾಶದಲ್ಲೇ ಡಿಕ್ಕಿಯಾಯಿತು. ರೆಕ್ಕೆಯ ತುದಿ ಮುರಿದ ವಿಮಾನವನ್ನು ಹೇಗೋ ಇಳಿಸಿ ಅವರು ಪಾರಾದರು, ಇನ್ನೊಂದು ವಿಮಾನದ ಪೈಲಟ್ ಸತ್ತರು. ತಾವು ಮಾರುವ ಪ್ರತಿಯೊಂದು ವಿಮಾನದಲ್ಲೂ ಪ್ಯಾರಾಶೂಟ್ ಇರಲೇಬೇಕು, ಬೇಕಾದವರು ಹಣ ಕೊಟ್ಟು ಸೇರಿಸಿಕೊಳ್ಳುವ ಹೆಚ್ಚುವರಿ ವಸ್ತು ಅದಾಗಬಾರದು ಎಂಬ ಹಟದ ಬೇರು ಆ ಘಟನೆಯಲ್ಲಿದೆ. 1998ರಲ್ಲಿ ಮೊದಲ ಮಾದರಿಯಾದ ಎಸ್‌ಆರ್20ಕ್ಕೆ, ಎರಡು ವರ್ಷಗಳ ನಂತರ ಎಸ್‌ಆರ್22ಕ್ಕೆ ಸರ್ಕಾರದ ಮಾನ್ಯತೆ ದೊರೆಯಿತು. ಆಕಾಶದಲ್ಲಿ ಈ ಪ್ಯಾರಾಶೂಟನ್ನು ಬಿಡಿಸಿ ಪರೀಕ್ಷಿಸಿದ ಕಂಪನಿಯ ಮುಖ್ಯ ಪರೀಕ್ಷಾ ಪೈಲಟ್ ಸ್ಕಾಟ್ ಆಂಡರ್ಸನ್ 1999ರ ಮಾರ್ಚ್‌ನಲ್ಲಿ, ಹೊಸ ಎಸ್‌ಆರ್20 ಒಂದರ ಐಲೆರಾನ್, ಅಂದರೆ ವಿಮಾನವನ್ನು ಪಕ್ಕಕ್ಕೆ ವಾಲಿಸಲು ರೆಕ್ಕೆಯ ಅಂಚಿನಲ್ಲಿರುವ ಚಲಿಸುವ ಪಟ್ಟಿ, ಸಿಕ್ಕಿಹಾಕಿಕೊಂಡು ಅಪಘಾತದಲ್ಲಿ ಸತ್ತರು. ಆ ವಿಮಾನಕ್ಕೆ ಪ್ಯಾರಾಶೂಟನ್ನು ಇನ್ನೂ ಅಳವಡಿಸಿರಲಿಲ್ಲ.

ಯಂತ್ರದ ಕೆಲಸ ಹೀಗಿದೆ. ಪೈಲಟ್ ಮತ್ತು ಪಕ್ಕದವರ ತಲೆಯ ಮೇಲೆ, ಇಬ್ಬರ ಕೈಗೂ ಎಟಕುವಂತೆ, ಚಾವಣಿಯಲ್ಲಿ ಮುಚ್ಚಳದ ಹಿಂದೆ ಒಂದು ಕೆಂಪು ಹಿಡಿಕೆ ಇದೆ. ಮುಚ್ಚಳ ತೆಗೆದು, ಎರಡೂ ಕೈಗಳಿಂದ ಹಿಡಿದು, ಜೋರಾಗಿ ನೇರ ಕೆಳಕ್ಕೆ ಎಳೆಯಬೇಕು. ಸುಮಾರು 20 ಕಿಲೋ ತೂಕ ಎತ್ತುವಷ್ಟು ಬಲ ಬೇಕಾಗುತ್ತದೆ. ಎಳೆದ ಕೂಡಲೆ ಸಾಮಾನಿನ ಕೋಣೆಯ ಹಿಂದಿರುವ ಘನ ಇಂಧನದ ರಾಕೆಟ್ ಹೊತ್ತಿಕೊಂಡು, ಮೇಲಿನ ಹೊದಿಕೆಯನ್ನು ಒಡೆದು, ಪ್ಯಾರಾಶೂಟನ್ನು ಹೊರಗೆಳೆಯುತ್ತದೆ. ವಿಮಾನದ ಮೈಯೊಳಗೆ ಹುದುಗಿಸಿದ್ದ ಕೆವ್ಲಾರ್ ಪಟ್ಟಿಗಳು ಹೊರಪದರವನ್ನು ಸೀಳಿಕೊಂಡು ಬಿಗಿಯಾಗುತ್ತವೆ. ಪ್ಯಾರಾಶೂಟ್ ಒಮ್ಮೆಗೇ ಅರಳಿ ಹರಿದುಹೋಗದಂತೆ ಒಂದು ಬಳೆ ಅದರ ಹಗ್ಗಗಳನ್ನು ಹಿಡಿದಿಟ್ಟು ನಿಧಾನವಾಗಿ ಜಾರುತ್ತದೆ. ಮೂಗು ಕೆಳಗಾಗಿ ತೂಗುವ ವಿಮಾನ ಕೆಲವು ಸೆಕೆಂಡುಗಳ ಮೇಲೆ ಹಿಂದಿನ ಕಟ್ಟು ಬಿಚ್ಚಿಕೊಂಡಾಗ ಸಮತಲಕ್ಕೆ ಬರುತ್ತದೆ. ನಂತರ ಇಳಿಯುವ ವೇಗ ನಿಮಿಷಕ್ಕೆ ಸುಮಾರು 1,700 ಅಡಿ; ನೆಲಕ್ಕೆ ತಾಕುವ ಪೆಟ್ಟು ಸುಮಾರು 13 ಅಡಿ ಎತ್ತರದಿಂದ, ಅಂದರೆ ಒಂದಂತಸ್ತಿನ ಮನೆಯ ತಾರಸಿಯಿಂದ ವಿಮಾನದ ಸಮೇತ ಬಿದ್ದ ಹಾಗೆ. ಆ ಪೆಟ್ಟನ್ನು ಗಾಲಿಗಳ ಕಾಲುಗಳೂ ಆಸನದಡಿಯ ಜೇನುಗೂಡಿನ ರಚನೆಯೂ ಮುರಿದು, ಮಡಚಿ ಹೀರಿಕೊಳ್ಳುತ್ತವೆ. ಒಮ್ಮೆ ಎಳೆದ ಮೇಲೆ ಪೈಲಟ್ ಏನನ್ನೂ ನಿಯಂತ್ರಿಸಲಾರ. ವಿಮಾನ ಎಲ್ಲಿ ಇಳಿಯಬೇಕೆಂಬುದನ್ನು ಗಾಳಿ ನಿರ್ಧರಿಸುತ್ತದೆ.

ಮಿತಿಗಳೂ ಸ್ಪಷ್ಟವಾಗಿವೆ. ಹಳೆಯ ಎಸ್‌ಆರ್22ಗಳಲ್ಲಿ 133 ನಾಟ್, 2013ರಿಂದ ಬಂದ ಹೆಚ್ಚು ತೂಕದ ಮಾದರಿಗಳಲ್ಲಿ 140 ನಾಟ್ ವೇಗದವರೆಗೆ ಪ್ಯಾರಾಶೂಟ್ ಬಿಚ್ಚಿಕೊಳ್ಳುವುದನ್ನು ಪರೀಕ್ಷಿಸಿ ತೋರಿಸಲಾಗಿದೆ. ಅದಕ್ಕೂ ಬಹಳ ಮೀರಿದ ವೇಗದಲ್ಲಿ ಎಳೆದು ಪ್ಯಾರಾಶೂಟ್ ಕಿತ್ತುಹೋದ ಉದಾಹರಣೆಗಳಿವೆ. ನೇರ ಹಾರಾಟದಲ್ಲಿ ಎಳೆದರೆ ಹಳೆಯ ಮಾದರಿ 400 ಅಡಿ, ಹೊಸದು 561 ಅಡಿ ಎತ್ತರವನ್ನು ಕಳೆದುಕೊಂಡ ನಂತರವೇ ಪ್ಯಾರಾಶೂಟಿನ ಹಿಡಿತಕ್ಕೆ ಬರುತ್ತದೆ. ವಿಮಾನ ಹಿಡಿತ ತಪ್ಪಿ ಗಿರಕಿ ಹೊಡೆಯುತ್ತ ಕೆಳಗೆ ಬೀಳುತ್ತಿರುವಾಗ ಎಳೆದರೆ ಈ ನಷ್ಟ ಸುಮಾರು ಇಮ್ಮಡಿಯಾಗುತ್ತದೆ. ಇದರರ್ಥ, ಇಳಿಯುವ ಮುನ್ನ ರನ್‌ವೇ ಕಡೆಗೆ ತಗ್ಗಿನಲ್ಲಿ ತಿರುಗುವಾಗ ವೇಗ ಕಳೆದುಕೊಂಡು ಸ್ಟಾಲ್ ಆದ, ಎಂದರೆ ರೆಕ್ಕೆಗಳು ಎತ್ತಿಹಿಡಿಯುವ ಬಲ ಕಳೆದುಕೊಂಡ ವಿಮಾನವನ್ನು, ಅಂದರೆ ಹವ್ಯಾಸಿ ಪೈಲಟ್‌ಗಳನ್ನು ಕೊಲ್ಲುವ ಅತ್ಯಂತ ಹಳೆಯ ತಪ್ಪನ್ನು, ಈ ಸಾಧನ ಸಾಮಾನ್ಯವಾಗಿ ಉಳಿಸಲಾರದು.

ಈಗ ಜನರ ವಿಷಯಕ್ಕೆ ಬರೋಣ. ಮೊದಲ ಹತ್ತು ವರ್ಷಗಳಲ್ಲಿ ಹಳೆಯ ಪೈಲಟ್‌ಗಳು ಈ ಹಿಡಿಕೆಯನ್ನು ಸಾಕಷ್ಟು ಹೀಯಾಳಿಸಿದರು. ವಿಮಾನ ಹಾರಿಸಲು ಬಾರದವರಿಗೆ ಇದು ಊರುಗೋಲು ಎಂಬುದು ಒಂದು ಮಾತು. ಗಿರಕಿಯಿಂದ ಹೊರಬರಲಾಗದ ವಿಮಾನವನ್ನು ಮಾಡಿ ಅದನ್ನು ಮುಚ್ಚಿಡಲು ಪ್ಯಾರಾಶೂಟ್ ಕಟ್ಟಿದ್ದಾರೆ ಎಂಬುದು ಇನ್ನೊಂದು. ಎರಡನೆಯ ಮಾತಿನಲ್ಲಿ ಅರ್ಧ ಸತ್ಯವಿದೆ. ಗಿರಕಿಯಿಂದ ಬಿಡಿಸಿಕೊಳ್ಳುವುದನ್ನು ಮಾಮೂಲು ಪರೀಕ್ಷೆಗಳ ಮೂಲಕ ತೋರಿಸುವ ಬದಲು ಪ್ಯಾರಾಶೂಟನ್ನೇ ಅದಕ್ಕೆ ಸಮಾನವಾದ ರಕ್ಷಣೆಯೆಂದು ಅಮೆರಿಕದ ವಿಮಾನಯಾನ ಆಡಳಿತ ಒಪ್ಪಿಕೊಂಡಿತು, ಆದ್ದರಿಂದ ಕೈಪಿಡಿಯೂ ಗಿರಕಿಗೆ ಪ್ಯಾರಾಶೂಟ್ ಒಂದೇ ಅಂಗೀಕೃತ ಪರಿಹಾರವೆಂದು ಹೇಳುತ್ತದೆ. ಆದರೆ ಯುರೋಪಿನ ಮಾನ್ಯತೆಗಾಗಿ ಗಿರಕಿಯ ಪರೀಕ್ಷೆಗಳನ್ನು ನಡೆಸಲಾಗಿತ್ತು, ವಿಮಾನ ಹೊರಬಂದಿತ್ತು. ವದಂತಿಗೆ ಈ ವಿವರ ಬೇಕಿರಲಿಲ್ಲ.

ಹೀಯಾಳಿಕೆಗೆ ನಿಜವಾದ ಬಲ ಕೊಟ್ಟಿದ್ದು ಅಂಕಿಗಳು. 2011ರಲ್ಲಿ ಅಮೆರಿಕದ ವಿಮಾನಯಾನ ಪತ್ರಿಕೆಯೊಂದು ಮಾಡಿದ ವಿಶ್ಲೇಷಣೆಯ ಪ್ರಕಾರ, ಒಂದು ಲಕ್ಷ ಗಂಟೆಗಳ ಹಾರಾಟಕ್ಕೆ ಸಿರಸ್‌ನ ಮಾರಣಾಂತಿಕ ಅಪಘಾತಗಳ ಪ್ರಮಾಣ 1.6 ಇತ್ತು, ಎಲ್ಲ ಖಾಸಗಿ, ಸಣ್ಣ ವಿಮಾನಗಳನ್ನು ಸೇರಿಸಿದ ಸರಾಸರಿ 1.2. ಪ್ಯಾರಾಶೂಟಿನ ಸುಳಿವೇ ಇಲ್ಲದ, ಐವತ್ತರ ದಶಕದ ವಿನ್ಯಾಸವಾದ ಸೆಸ್ನಾ 172ರದು 0.45, ಡೈಮಂಡ್ ಡಿಎ40ರದು 0.35. ವರ್ಷಕ್ಕೆ ನೂರು ಗಂಟೆ ಹಾರುವ ಸಾವಿರ ಜನ ಹವ್ಯಾಸಿಗಳನ್ನು ಊಹಿಸಿಕೊಂಡರೆ 1.6 ಎಂಬುದರ ಅರ್ಥ ಆಗುತ್ತದೆ: ಅವರಲ್ಲಿ ಒಬ್ಬರೋ ಇಬ್ಬರೋ ಪ್ರತಿ ವರ್ಷ ಮನೆಗೆ ಮರಳುವುದಿಲ್ಲ. ಜೀವ ಉಳಿಸುವ ಉಪಕರಣವನ್ನು ಎಲ್ಲರಿಗಿಂತ ಮುಂಚೆ ಅಳವಡಿಸಿಕೊಂಡ ವಿಮಾನವೇ ಎಲ್ಲರಿಗಿಂತ ಹೆಚ್ಚು ಜೀವಗಳನ್ನು ತೆಗೆಯುತ್ತಿರುವಂತೆ ಕಂಡಿತು.

ಈ ಹೋಲಿಕೆಯನ್ನು ಇದ್ದ ಹಾಗೆಯೇ ನುಂಗಬಾರದು. ಸೆಸ್ನಾ 172ರ ಗಂಟೆಗಳಲ್ಲಿ ಬಹುಪಾಲು ಹಗಲು ಹೊತ್ತಿನಲ್ಲಿ, ತಿಳಿಯಾದ ಆಕಾಶದಲ್ಲಿ, ಬೋಧಕರು ಪಕ್ಕದಲ್ಲಿರುವಾಗ, ನಿಲ್ದಾಣದ ಸುತ್ತಮುತ್ತಲೇ ಕಳೆಯುವಂಥವು. ಸಿರಸ್ ಕೊಳ್ಳುವವರು ಅದನ್ನು ಊರಿಂದೂರಿಗೆ ಹೋಗುವುದಕ್ಕಾಗಿ ಕೊಳ್ಳುತ್ತಾರೆ. ರಾತ್ರಿ, ಮೋಡ, ಹಿಮ, ಬೆಟ್ಟಸಾಲು, ಸೋಮವಾರ ಬೆಳಿಗ್ಗೆ ಕಚೇರಿಯಲ್ಲಿರಬೇಕಾದ ಒತ್ತಡ ಎಲ್ಲವೂ ಅದರ ಜೊತೆಗೇ ಬರುತ್ತವೆ. ಆದರೂ ಮಾಲೀಕರ ಸಂಘದವರು ಅಪಘಾತದ ವರದಿಗಳನ್ನು ಒಂದೊಂದಾಗಿ ಓದುತ್ತ ಹೋದಾಗ ಕಂಡದ್ದಕ್ಕೆ ಈ ಸಮಜಾಯಿಷಿ ಸಾಲುತ್ತಿರಲಿಲ್ಲ. ಎಳೆಯಲು ಸಮಯವಿದ್ದ, ಎತ್ತರವಿದ್ದ, ವೇಗವೂ ಮಿತಿಯೊಳಗಿದ್ದ ಅಪಘಾತಗಳಲ್ಲೂ ಹಿಡಿಕೆಯನ್ನು ಯಾರೂ ಮುಟ್ಟಿರಲಿಲ್ಲ.

ಏಕೆ ಎಳೆಯಲಿಲ್ಲ ಎಂಬುದಕ್ಕೆ ಸತ್ತವರು ಉತ್ತರ ಕೊಡಲಾರರು, ಆದರೆ ಬದುಕಿರುವ ನಮ್ಮಂಥವರ ಮಾತುಗಳನ್ನು ಕೇಳಿದರೆ ಊಹಿಸುವುದು ಕಷ್ಟವಲ್ಲ. ಪೈಲಟ್ ತರಬೇತಿಯೆಂದರೆ ಮೊದಲ ದಿನದಿಂದಲೂ ಕೆಟ್ಟ ಪರಿಸ್ಥಿತಿಯನ್ನು ಕೈಚಳಕದಿಂದ ಸರಿಪಡಿಸುವ ಅಭ್ಯಾಸ. ಇಂಜಿನ್ ನಿಂತರೆ ಹೊಲವೊಂದನ್ನು ಹುಡುಕಿ ಇಳಿಸಬೇಕು. ಇಳಿಸಿದವನಿಗೆ ಕ್ಲಬ್ಬಿನಲ್ಲಿ ಗೌರವ ಸಿಗುತ್ತದೆ. ಹಿಡಿಕೆ ಎಳೆಯುವುದೆಂದರೆ ನನ್ನ ಕೈಲಾಗಲಿಲ್ಲ ಎಂದು ಎಲ್ಲರೆದುರು ಒಪ್ಪಿಕೊಂಡಂತೆ, ಜೊತೆಗೆ ಲಕ್ಷಾಂತರ ಡಾಲರಿನ ಆಸ್ತಿಯನ್ನು ಸ್ವಂತ ಕೈಯಿಂದ ಮುರಿದಂತೆ. ಇನ್ನೊಂದೇ ಒಂದು ಪ್ರಯತ್ನ ಮಾಡೋಣ ಎನ್ನುವಷ್ಟರಲ್ಲಿ ಎತ್ತರ ಮುಗಿದಿರುತ್ತದೆ. ಇದಕ್ಕೆ ತದ್ವಿರುದ್ಧವಾದ ಮನೋಭಾವವೂ ಇತ್ತು, ಅದು ಹೆಚ್ಚು ಅಪಾಯಕಾರಿ. ಪ್ಯಾರಾಶೂಟ್ ಇದೆಯಲ್ಲ ಎಂಬ ಭರವಸೆಯಲ್ಲಿ, ಬೇರೆ ವಿಮಾನದಲ್ಲಾದರೆ ಹೊರಡದೇ ಉಳಿಯುತ್ತಿದ್ದ ಹವಾಮಾನದಲ್ಲೂ ಕೆಲವರು ಹೊರಟರು. ಅಂದರೆ ಹೊರಡುವಾಗ ಪ್ಯಾರಾಶೂಟನ್ನು ಲೆಕ್ಕಕ್ಕೆ ಹಿಡಿದವರೇ, ಸಂಕಟ ಬಂದಾಗ ಅದನ್ನು ಲೆಕ್ಕದಿಂದ ಬಿಟ್ಟರು. ಒಬ್ಬನೇ ಮನುಷ್ಯ ಒಂದೇ ಹಾರಾಟದಲ್ಲಿ ಇವೆರಡನ್ನೂ ಮಾಡಬಲ್ಲ ಎಂಬುದೇ ನನಗೆ ಈ ಇಡೀ ಚರಿತ್ರೆಯಲ್ಲಿ ಅತ್ಯಂತ ದಿಗಿಲು ಹುಟ್ಟಿಸುವ ಸಂಗತಿ.

ನ್ಯೂಯಾರ್ಕ್ ಯಾಂಕೀಸ್ ತಂಡದ ಬೇಸ್‌ಬಾಲ್ ಆಟಗಾರ ಕೋರಿ ಲೈಡಲ್ ಅವರ ಅಪಘಾತವನ್ನು ಇಲ್ಲಿ ನೆನೆಯಬಹುದು. 2006ರ ಅಕ್ಟೋಬರ್ 11ರಂದು ಅವರು ಬೋಧಕರೊಬ್ಬರ ಜೊತೆ ತಮ್ಮ ಎಸ್‌ಆರ್20ರಲ್ಲಿ ಮ್ಯಾನ್‌ಹಟನ್ ಪಕ್ಕದ ಈಸ್ಟ್ ನದಿಯ ಮೇಲೆ ಹೋಗಿ, ಮುಂದೆ ದಾರಿಯಿಲ್ಲದ ಕಡೆ ಹಿಂದಿರುಗಲು ತಿರುಗಿದಾಗ ಇಕ್ಕಟ್ಟಾದ ಜಾಗದಲ್ಲಿ ತಿರುವು ಪೂರ್ಣಗೊಳ್ಳದೆ ವಿಮಾನ ವಸತಿ ಕಟ್ಟಡವೊಂದಕ್ಕೆ ಬಡಿಯಿತು, ಇಬ್ಬರೂ ಸತ್ತರು. ತಿರುವಿನ ಯೋಜನೆಯೇ ಸರಿಯಿರಲಿಲ್ಲ ಎಂದು ಅಪಘಾತ ತನಿಖೆ ಮಾಡಿದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ಹೇಳಿತು. ಅಪಾಯದಲ್ಲಿದ್ದೇವೆಂಬ ಅರಿವೇ ಇಲ್ಲದವರಿಗೆ ಯಾವ ಹಿಡಿಕೆಯೂ ಒದಗುವುದಿಲ್ಲ. ಮೋಡದೊಳಗೆ ನೆಟ್ಟಗೆ ಹಾರುತ್ತ ಬೆಟ್ಟಕ್ಕೆ ಹೊಡೆಯುವ ಪೈಲಟ್‌ನ ಕಥೆಯೂ ಇದೇ.

ಬದಲಾವಣೆ ಬಂದದ್ದು ಹೊಸ ಯಂತ್ರದಿಂದಲ್ಲ ಎಂಬುದು ಈ ಉತ್ಪನ್ನದ ವಿಚಾರದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತು. ಸುಮಾರು 2010ರ ನಂತರ ಮಾಲೀಕರ ಸಂಘ ಮತ್ತು ಕಂಪನಿ ಎರಡೂ ಸೇರಿ ಎಳೆಯುವುದರ ಬಗ್ಗೆ ಇದ್ದ ನಾಚಿಕೆಯನ್ನು ಕಿತ್ತುಹಾಕಲು ಹೊರಟವು. ಬೇಗ ಎಳೆಯಿರಿ, ಮತ್ತೆ ಮತ್ತೆ ಎಳೆಯಿರಿ ಎಂಬ ಅರ್ಥದ ಘೋಷಣೆ ಹುಟ್ಟಿತು. ಎಳೆದು ಬದುಕಿದವರನ್ನು ಸಮ್ಮೇಳನಗಳಿಗೆ ಕರೆಸಿ ಮಾತಾಡಿಸಿದರು. ಎಳೆಯುವ ಅಗತ್ಯವಿತ್ತೇ ಎಂಬ ಅಡ್ಡಪ್ರಶ್ನೆಯನ್ನು ಕೇಳಬಾರದೆಂಬ ಶಿಷ್ಟಾಚಾರವನ್ನು ಬೆಳೆಸಿದರು. ತರಬೇತಿಯಲ್ಲಿ ಸಿಮ್ಯುಲೇಟರಿನೊಳಗೆ ಕೈ ನಿಜವಾಗಿಯೂ ಚಾವಣಿಗೆ ಹೋಗಬೇಕು, ನಿಜವಾದ ಬಲದಿಂದ ಎಳೆಯಬೇಕು. ಕೆಲವು ವಿಮಾ ಕಂಪನಿಗಳು ಪ್ಯಾರಾಶೂಟ್ ಎಳೆದ ಪ್ರಕರಣಗಳಲ್ಲಿ ಮಾಲೀಕರು ತಾವೇ ಭರಿಸಬೇಕಾಗಿದ್ದ ಪಾಲನ್ನು ಮನ್ನಾ ಮಾಡಿದವು. 2013ರಲ್ಲಿ ಲಕ್ಷ ಗಂಟೆಗಳಿಗೆ 1.01ಕ್ಕೆ ಇಳಿದಿದ್ದ ಮಾರಣಾಂತಿಕ ಅಪಘಾತಗಳ ಪ್ರಮಾಣ 2014ರಲ್ಲಿ 0.42ಕ್ಕೆ ಇಳಿಯಿತು. ಅದೇ ರೆಕ್ಕೆ, ಅದೇ ರಾಕೆಟ್, ಅದೇ ಹಿಡಿಕೆ.

ನಮ್ಮ ಕ್ಲಬ್ಬಿನಲ್ಲಿ ಈ ವಿಮಾನವನ್ನು ಒಬ್ಬರೇ ಒಯ್ಯಲು ಅನುಮತಿ ಸಿಗುವ ಮುನ್ನ ಇದರ ಬಗ್ಗೆಯೇ ಪ್ರತ್ಯೇಕ ತರಬೇತಿ ಪಡೆಯಬೇಕು. ಅದರ ಸಾರವನ್ನು ಇಲ್ಲಿ ಹೇಳುವುದು ಸೂಕ್ತ, ಏಕೆಂದರೆ ಎಷ್ಟು ಅಪಾಯವನ್ನು ಒಪ್ಪಿಕೊಳ್ಳಬೇಕೆಂಬ ಪ್ರಶ್ನೆಗೆ ನಾನು ಕಂಡ ಅತ್ಯಂತ ಕಾರ್ಯಸಾಧ್ಯವಾದ ಉತ್ತರ ಅದೇ. ಹೊರಡುವ ಮೊದಲು ಹಿಡಿಕೆಯ ಸುರಕ್ಷತಾ ಪಿನ್ ತೆಗೆಯಬೇಕು. ಅದನ್ನು ಮರೆತವನಿಗೆ ಪ್ಯಾರಾಶೂಟ್ ಇದ್ದೂ ಇಲ್ಲ. ರನ್‌ವೇ ತುದಿಯಲ್ಲಿ ನಿಂತು ಬಾಯಿಬಿಟ್ಟು ಹೇಳಬೇಕು: ಹೊಸ ಮಾದರಿಯಲ್ಲಿ ನೆಲದಿಂದ 600 ಅಡಿಯೊಳಗೆ ಇಂಜಿನ್ ನಿಂತರೆ ನೇರ ಮುಂದೆ ಇಳಿಸುತ್ತೇನೆ, 600ರಿಂದ 2,000 ಅಡಿಯ ನಡುವೆ ನಿಂತರೆ ಯೋಚಿಸದೆ ಎಳೆಯುತ್ತೇನೆ, ಅದಕ್ಕೂ ಮೇಲಿದ್ದರೆ ದೋಷ ಹುಡುಕುತ್ತೇನೆ, ಸರಿಹೋಗದಿದ್ದರೆ ಎತ್ತರವಿರುವಾಗಲೇ ಎಳೆಯುತ್ತೇನೆ. ಏರುವಾಗ 600 ಅಡಿ ದಾಟಿದೊಡನೆ ಪ್ಯಾರಾಶೂಟ್ ಈಗ ಲಭ್ಯ ಎಂದು ಮತ್ತೊಮ್ಮೆ ಗಟ್ಟಿಯಾಗಿ ಹೇಳಬೇಕು. ಕೇಳುವವರು ಯಾರೂ ಇಲ್ಲದಿದ್ದಾಗ ಇದು ಮಂತ್ರ ಪಠಿಸಿದಂತೆ ತೋರುವುದು ನಿಜ. ಆದರೆ ಹಣ, ಮಾನ, ಕೌಶಲದ ಹೆಮ್ಮೆ ಇವೆಲ್ಲ ತಕ್ಕಡಿಗೆ ಬೀಳುವ ಗಳಿಗೆಯಲ್ಲಿ ನಿರ್ಧಾರ ಮಾಡುವ ಹೊಣೆಯನ್ನು ಈ ಕ್ರಮ ಪೈಲಟ್‌ನಿಂದ ಕಿತ್ತುಕೊಂಡು, ನೆಲದ ಮೇಲೆ ತಣ್ಣಗೆ ಕೂತಿದ್ದ ಅವನಿಗೇ ಒಪ್ಪಿಸುತ್ತದೆ. ಬೇರೆ ವಿಮಾನಗಳಲ್ಲೂ ಇಂಥ ಪೂರ್ವನಿರ್ಧಾರಗಳನ್ನು ಮಾಡಬಹುದು, ಮಾಡಬೇಕೆಂದು ಎಲ್ಲ ಬೋಧಕರೂ ಹೇಳುತ್ತಾರೆ. ಸಿರಸ್‌ನಲ್ಲಿ ಅದನ್ನು ಮಾಡದೆ ಗತ್ಯಂತರವಿಲ್ಲ ಎಂಬುದಷ್ಟೇ ವ್ಯತ್ಯಾಸ, ಮತ್ತು ಅದು ಸಣ್ಣ ವ್ಯತ್ಯಾಸವಲ್ಲ.

ಎಳೆದು ಬದುಕಿದವರ ಪಟ್ಟಿ ಈಗ ಉದ್ದವಾಗಿದೆ. ಮೊದಲನೆಯದು 2002ರ ಅಕ್ಟೋಬರ್ 3ರಂದು ಟೆಕ್ಸಸ್‌ನಲ್ಲಿ: ದುರಸ್ತಿಯಾಗಿ ಬಂದ ಎಸ್‌ಆರ್22ರ ಒಂದು ಐಲೆರಾನ್ ಕಳಚಿ ನೇತಾಡತೊಡಗಿದಾಗ ಲಯನೆಲ್ ಮಾರಿಸನ್ ಎಂಬ ಪೈಲಟ್ ಹಿಡಿಕೆ ಎಳೆದು, ಪೊದೆಗಳ ಮೇಲೆ ಇಳಿದು, ಗಾಯವಿಲ್ಲದೆ ನಡೆದುಕೊಂಡು ಬಂದರು. 2015ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದಿಂದ ಹವಾಯಿಗೆ ಹೊರಟಿದ್ದ ಎಸ್‌ಆರ್22 ಒಂದರಲ್ಲಿ ಹೆಚ್ಚುವರಿ ಟ್ಯಾಂಕಿನ ಇಂಧನ ಇಂಜಿನ್ನಿಗೆ ಹರಿಯದೆ ಹೋದಾಗ ಪೈಲಟ್ ಮುಂಚಿತವಾಗಿಯೇ ಕರಾವಳಿ ರಕ್ಷಣಾ ಪಡೆಗೆ ತಿಳಿಸಿ, ಪ್ರವಾಸಿ ಹಡಗೊಂದರ ಸಮೀಪಕ್ಕೆ ಹೋಗಿ, ಪೆಸಿಫಿಕ್ ಸಾಗರದ ಮೇಲೆ ಪ್ಯಾರಾಶೂಟ್ ಎಳೆದರು. ಮೇಲೆ ಸುತ್ತುತ್ತಿದ್ದ ರಕ್ಷಣಾ ವಿಮಾನ ಅದನ್ನೆಲ್ಲ ಚಿತ್ರೀಕರಿಸಿತು. ರಾಕೆಟ್ ಚಿಮ್ಮುವುದು, ವಿಮಾನ ಮೂಗು ತಗ್ಗಿಸಿ ತೂಗುವುದು, ನೀರಿಗೆ ಬಿದ್ದ ಮೇಲೆ ಪೈಲಟ್ ರೆಕ್ಕೆಯ ಮೇಲೆ ಹತ್ತುವುದು ಎಲ್ಲ ಅದರಲ್ಲಿ ಕಾಣುತ್ತದೆ. ಕೊಳ್ಳುವ ವಿಚಾರದಲ್ಲಿರುವವರು ಜಾಹೀರಾತುಗಳ ಬದಲು ಆ ಚಿತ್ರವನ್ನು ನೋಡುವುದು ಮೇಲು. ನೀರಿನ ಮೇಲಿಂದ ಬೀಸುವ ಗಾಳಿ ಪ್ಯಾರಾಶೂಟನ್ನು ಎಷ್ಟು ಬಲವಾಗಿ ಎಳೆದಾಡಬಲ್ಲದು ಎಂಬುದೂ ಅಲ್ಲಿ ತಿಳಿಯುತ್ತದೆ.

ಕೊಲರಾಡೊದ ಎರಡು ಡಿಕ್ಕಿಗಳನ್ನು ಒಟ್ಟಿಗಿಟ್ಟು ನೋಡಿದರೆ ಸಾಧನದ ಶಕ್ತಿಯೂ ಮಿತಿಯೂ ಒಟ್ಟಿಗೇ ಕಾಣುತ್ತವೆ. 2021ರ ಮೇ ತಿಂಗಳಲ್ಲಿ ಡೆನ್ವರ್ ಪಕ್ಕದ ಸೆಂಟೆನಿಯಲ್ ನಿಲ್ದಾಣದಲ್ಲಿ ಇಳಿಯಲು ಬರುತ್ತಿದ್ದ ಎಸ್‌ಆರ್22 ತನ್ನ ರನ್‌ವೇಯ ನೇರವನ್ನು ದಾಟಿ ಪಕ್ಕದ ರನ್‌ವೇಗೆ ಇಳಿಯುತ್ತಿದ್ದ ಸರಕು ಕಂಪನಿಯ ಮೆಟ್ರೋಲೈನರ್ ಎಂಬ ಅವಳಿ ಇಂಜಿನ್ನಿನ ವಿಮಾನಕ್ಕೆ ಡಿಕ್ಕಿ ಹೊಡೆಯಿತು. ಸಿರಸ್‌ನಲ್ಲಿದ್ದ ಇಬ್ಬರು ಪ್ಯಾರಾಶೂಟಿನಲ್ಲಿ ಇಳಿದು ಎದ್ದು ನಡೆದರು. ಮೈಯ ಅರ್ಧಭಾಗ ತೆರೆದುಕೊಂಡ ಮೆಟ್ರೋಲೈನರನ್ನು ಅದರ ಪೈಲಟ್ ರನ್‌ವೇಗೇ ಇಳಿಸಿದರು. ಆದರೆ 2010ರ ಫೆಬ್ರುವರಿಯಲ್ಲಿ ಅಲ್ಲಿಗೆ ದೂರವಲ್ಲದ ಬೌಲ್ಡರ್‌ನಲ್ಲಿ, ಗ್ಲೈಡರನ್ನು ಎಳೆದೊಯ್ಯುತ್ತಿದ್ದ ವಿಮಾನಕ್ಕೆ ಎಸ್‌ಆರ್20 ಒಂದು ಡಿಕ್ಕಿ ಹೊಡೆದಾಗ ಬೆಂಕಿ ಹತ್ತಿತು. ಪ್ಯಾರಾಶೂಟ್ ತೆರೆದುಕೊಂಡಿತ್ತು, ಅದರಡಿ ಉರಿಯುತ್ತ ಇಳಿದ ವಿಮಾನದಲ್ಲಿದ್ದ ಇಬ್ಬರೂ ಉಳಿಯಲಿಲ್ಲ. ಎಳೆಯುತ್ತಿದ್ದ ವಿಮಾನದ ಪೈಲಟ್ ಕೂಡ ಸತ್ತರು. ಮಿತಿಯೊಳಗೆ ಎಳೆದ ಯಾರೂ ಸತ್ತಿಲ್ಲ ಎಂಬರ್ಥದ ಮಾತನ್ನು ಮಾರಾಟಗಾರರಿಂದ ಕೇಳುವಾಗ, ಮಿತಿ ಎಂಬುದರೊಳಗೆ ಏನೆಲ್ಲ ಅಡಗಿದೆ ಎಂದು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಪ್ರಯಾಣಿಕರ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ವಿಮಾನನಿಲ್ದಾಣಕ್ಕೆ ಕಾರಿನಲ್ಲಿ ಬರುವುದೇ ಹಾರಾಟಕ್ಕಿಂತ ಹೆಚ್ಚು ಅಪಾಯಕಾರಿ ಎಂದು ಹವ್ಯಾಸಿ ಪೈಲಟ್‌ಗಳು ಪಕ್ಕದವರಿಗೆ ಸಮಾಧಾನ ಹೇಳುವುದು ವಾಡಿಕೆ. ದೊಡ್ಡ ವಿಮಾನ ಕಂಪನಿಗಳ ಹಾರಾಟಕ್ಕೆ ಅದು ನಿಜ; ನಮ್ಮ ಸಣ್ಣ ವಿಮಾನಗಳಿಗೆ ಖಂಡಿತ ಅಲ್ಲ. ಗಂಟೆಯ ಲೆಕ್ಕದಲ್ಲಿ ನೋಡಿದರೆ ಇದನ್ನು ಮೋಟಾರ್ ಸೈಕಲ್ ಸವಾರಿಗೆ ಹೋಲಿಸುವುದು ಪ್ರಾಮಾಣಿಕತೆ. ಪೈಲಟ್ ತನ್ನ ಮಟ್ಟಿಗೆ ಎಷ್ಟು ಅಪಾಯವನ್ನಾದರೂ ಒಪ್ಪಿಕೊಳ್ಳಲಿ, ಪಕ್ಕದ ಆಸನದವರು ಒಪ್ಪಿಕೊಂಡಿರುವುದು ಅವನು ಹೇಳಿದ ಅಪಾಯವನ್ನು ಮಾತ್ರ. ಸಿರಸ್‌ನ ಒಂದು ಗುಣ ಈ ಸುಳ್ಳನ್ನು ಹೇಳಲು ಬಿಡದಿರುವುದು, ಏಕೆಂದರೆ ಪೈಲಟ್ ಪ್ರಜ್ಞೆ ತಪ್ಪಿದರೆ ಹಿಡಿಕೆ ಎಳೆಯಬೇಕಾದವರು ಪ್ರಯಾಣಿಕರೇ, ಆದ್ದರಿಂದ ಹೊರಡುವ ಮುನ್ನ ಅವರಿಗೆ ಎಲ್ಲವನ್ನೂ ವಿವರಿಸಬೇಕು. ಮೈಸೂರಿನಿಂದ ಬಂದಿದ್ದ ಅಮ್ಮನಿಗೆ ನಾನಿದನ್ನು ಹೇಳತೊಡಗಿದಾಗ ‘ಹೊರಡೋಕೆ ಮುಂಚೆನೇ ಇದೆಂಥ ಅಪಶಕುನದ ಮಾತೋ’ ಎಂದು ಅವರು ಗದರಿದರು. ಆದರೆ ನಂತರ ‘ಎಲ್ಲಿ, ತೋರಿಸು’ ಎಂದು ತಾವೇ ಕೈ ಚಾಚಿ, ಹಿಡಿಕೆ ತಮಗೆ ಎಟಕುವುದೇ ಎಂದು ನೋಡಿಕೊಂಡರು. ಎಳೆಯುವಷ್ಟು ಬಲ ವಯಸ್ಸಾದವರ ಕೈಯಲ್ಲಿ ಇದ್ದೀತೇ ಎಂಬ ಪ್ರಶ್ನೆಗೆ ಕೈಪಿಡಿಯಲ್ಲಿ ಉತ್ತರವಿಲ್ಲ. ಇದು ಉತ್ಪನ್ನದ ನಿಜವಾದ ಕೊರತೆಯೆಂದೇ ನಾನು ಪರಿಗಣಿಸುತ್ತೇನೆ. 2025ರಲ್ಲಿ ಬಂದ ಹೊಸ ಮಾದರಿಯಲ್ಲಿ ಗುಂಡಿಯೊಂದನ್ನು ಒತ್ತಿದರೆ ವಿಮಾನ ತಾನೇ ನಿಲ್ದಾಣವನ್ನು ಆರಿಸಿಕೊಂಡು ಇಳಿಯುವ ವ್ಯವಸ್ಥೆಯನ್ನು ಸೇರಿಸಿದ್ದಾರೆ. ಪೈಲಟ್ ಅಸ್ವಸ್ಥನಾಗುವ ಸಂದರ್ಭಕ್ಕೆ ಅದೇ ಹೆಚ್ಚು ಸರಿಯಾದ ಪರಿಹಾರ, ಆದರೆ ಬಾಡಿಗೆಗೆ ಸಿಗುವ ಹಳೆಯ ವಿಮಾನಗಳಲ್ಲಿ ಅದು ಇರುವುದಿಲ್ಲ.

ಹಾರಿಸುವ ಅನುಭವದ ಬಗ್ಗೆ ಚುಟುಕಾಗಿ: ಬದಿಯಲ್ಲಿರುವ ನಿಯಂತ್ರಣದ ಹಿಡಿ ಬೇಗ ರೂಢಿಯಾಗುತ್ತದೆ, ಹೊರನೋಟ ಚೆನ್ನಾಗಿದೆ, ಆಟೋಪೈಲಟ್ ಅತ್ಯುತ್ತಮ. ಇಳಿಯುವಾಗ ಮಾತ್ರ ಇದು ಕ್ಷಮಿಸುವ ಸ್ವಭಾವದ್ದಲ್ಲ. ಸೆಸ್ನಾದಲ್ಲಿ ಕಲಿತವರು ವೇಗವನ್ನು ಹಿಡಿತದಲ್ಲಿಟ್ಟುಕೊಳ್ಳುವುದನ್ನು ಹೊಸದಾಗಿ ಕಲಿಯಬೇಕು, ಮತ್ತು ಮೇಲೆ ಹೇಳಿದ ಹಾಗೆ, ಆ ಎತ್ತರದಲ್ಲಿ ಪ್ಯಾರಾಶೂಟ್ ನೆರವಿಗೆ ಬರುವುದಿಲ್ಲ.

ಬೆಲೆಯ ಮಾತು. ಎಲ್ಲ ಸೌಕರ್ಯಗಳನ್ನು ಸೇರಿಸಿದ ಹೊಸ ವಿಮಾನಕ್ಕೆ ಹತ್ತು ಲಕ್ಷ ಡಾಲರಿನ ಆಸುಪಾಸು ಕೊಡಬೇಕು, ಆದ್ದರಿಂದ ಹೆಚ್ಚಿನವರು ಹಳೆಯದನ್ನೇ ಕೊಳ್ಳುತ್ತಾರೆ. ಪ್ಯಾರಾಶೂಟ್ ಮತ್ತು ರಾಕೆಟ್ ಎರಡನ್ನೂ ಹತ್ತು ವರ್ಷಕ್ಕೊಮ್ಮೆ ಬದಲಿಸಲೇಬೇಕು. ಆ ಖರ್ಚು ಐದಂಕಿಯ ಡಾಲರುಗಳಲ್ಲಿರುತ್ತದೆ, ಅವಧಿ ಮುಗಿದ ಮೇಲೆ ವಿಮಾನವನ್ನು ಹಾರಿಸುವಂತಿಲ್ಲ. ಅವಧಿ ಮುಗಿಯಲು ಕೆಲವೇ ತಿಂಗಳು ಉಳಿದಿರುವ ವಿಮಾನಗಳು ಮಾರುಕಟ್ಟೆಯಲ್ಲಿ ಅಗ್ಗವಾಗಿ ಕಾಣುವುದಕ್ಕೆ ಇದೂ ಒಂದು ಕಾರಣ. ಎಂದೂ ಬಳಸಬಾರದೆಂದು ಹಾರೈಸುವ ವಸ್ತುವಿಗೆ ಇಷ್ಟು ಹಣವೇ ಎಂದು ಗೊಣಗುವ ಮಾಲೀಕರನ್ನು ಕಂಡಿದ್ದೇನೆ. ಅದೇ ಮಾಲೀಕರು ಪರದೆಗಳನ್ನು ಹೊಸದಾಗಿಸಲು ಅದಕ್ಕಿಂತ ಹೆಚ್ಚು ಖರ್ಚು ಮಾಡಿದ್ದನ್ನೂ ಕಂಡಿದ್ದೇನೆ.

ಹಾಗಾದರೆ ಯಾರು ಇದನ್ನು ತೆಗೆದುಕೊಳ್ಳಬೇಕು? ತಿಂಗಳಿಗೊಮ್ಮೆ, ಬಿಸಿಲಿರುವ ಭಾನುವಾರ, ಐವತ್ತು ಮೈಲು ದೂರದ ನಿಲ್ದಾಣಕ್ಕೆ ಹೋಗಿ ಊಟ ಮಾಡಿ ಬರುವವರಿಗೆ ಸೆಸ್ನಾ 172 ಅಥವಾ ಡಿಎ40 ಸಾಕು, ಸಾಕಷ್ಟೇ ಅಲ್ಲ, ನನ್ನ ದೃಷ್ಟಿಯಲ್ಲಿ ಅವರ ಪಾಲಿಗೆ ಹೆಚ್ಚು ಸುರಕ್ಷಿತ. ನಿಧಾನವಾಗಿ ಹಾರುವ, ನಿಧಾನವಾಗಿ ಇಳಿಯುವ ವಿಮಾನ ಅಭ್ಯಾಸ ತಪ್ಪಿದ ಕೈಗೆ ಕೊಡುವ ರಿಯಾಯಿತಿಯನ್ನು ಪ್ಯಾರಾಶೂಟ್ ಕೊಡಲಾರದು. ರಾಜ್ಯದಿಂದ ರಾಜ್ಯಕ್ಕೆ, ಕುಟುಂಬದೊಂದಿಗೆ, ಬೆಟ್ಟಗಳ ಮೇಲೆ, ಒಮ್ಮೊಮ್ಮೆ ರಾತ್ರಿಯಲ್ಲೂ ಹಾರುವವರಿಗೆ, ಅದಕ್ಕೆ ತಕ್ಕ ಅಭ್ಯಾಸವನ್ನು ನಿಯಮಿತವಾಗಿ ಇಟ್ಟುಕೊಳ್ಳುವವರಿಗೆ ಎಸ್‌ಆರ್22ಕ್ಕೆ ಸಮನಾದುದನ್ನು ನಾನು ಕಂಡಿಲ್ಲ. ಒಂಟಿ ಇಂಜಿನ್ನಿನ ವಿಮಾನ ಕತ್ತಲಲ್ಲಿ ಕಾಡಿನ ಮೇಲೆ ನಿಂತುಹೋದರೆ ಬೇರೆಯವರ ಬಳಿ ಇಲ್ಲದ ಒಂದು ಆಯ್ಕೆ ಇವರ ಬಳಿ ಇರುತ್ತದೆ.

ಬಾಡಿಗೆಗೆ ಪಡೆಯುವವರು ಕ್ಲಬ್ಬಿನಲ್ಲಿ ಮೂರು ವಿಷಯಗಳನ್ನು ವಿಚಾರಿಸಿಕೊಳ್ಳಲಿ: ಪ್ಯಾರಾಶೂಟ್ ಬದಲಿಸಿದ ದಿನಾಂಕ ಲಾಗ್‌ಪುಸ್ತಕದಲ್ಲಿ ಏನಿದೆ, ಹಿಡಿಕೆ ಎಳೆಯುವ ತರಬೇತಿ ಅಲ್ಲಿ ಕಡ್ಡಾಯವೇ, ಮತ್ತು ಎಳೆದು ವಿಮಾನ ಹಾಳಾದರೆ ಬಾಡಿಗೆದಾರರು ಎಷ್ಟು ಹಣ ತುಂಬಿಕೊಡಬೇಕು. ಮೂರನೆಯದಕ್ಕೆ ದೊಡ್ಡ ಮೊತ್ತವೊಂದನ್ನು ಹೇಳುವ ಕ್ಲಬ್ಬಿನಿಂದ ಈ ವಿಮಾನವನ್ನು ತೆಗೆದುಕೊಳ್ಳಬೇಡಿ, ಅಥವಾ ಬಾಡಿಗೆದಾರರ ವಿಮೆಯನ್ನು ಮೊದಲು ಮಾಡಿಸಿಕೊಂಡು ಆಮೇಲೆ ತೆಗೆದುಕೊಳ್ಳಿ.